ಕೈ ಪಳಗಿದ ಮೇಲೆ

ಹೋದ ವಾರ ಪ್ರಾಕ್ಟೀಸ್ ಮುಗಿಸಿ ಕೇಬಲ್ ಸುತ್ತುವಾಗ ವರ್ಶಿಪ್ ಟೀಮಿನ ತಮ್ಮ ಒಬ್ಬ ಕೇಳಿದ: “ಅಣ್ಣ, ಅಭ್ಯಾಸ ಮಾಡ್ತಾನೇ ಇದ್ದೀನಿ. ಕರಗತ ಆಯ್ತು ಅಂತ ಯಾವಾಗ ಗೊತ್ತಾಗುತ್ತೆ?” ಅವತ್ತು ಏನೋ ಹೇಳಿ ಕಳಿಸಿದೆ. ಆದರೆ ಪ್ರಶ್ನೆ ವಾರವಿಡೀ ಕಾಡಿತು.

1 ಸಮುವೇಲ 17 ತೆಗೆಯಿರಿ. ಸೌಲನು ತನ್ನ ಕವಚ, ಶಿರಸ್ತ್ರಾಣ ಕೊಟ್ಟ. ದಾವೀದ ಹಾಕಿಕೊಂಡು ನೋಡಿದ, ಅಭ್ಯಾಸವಿಲ್ಲ ಅಂತ ತೆಗೆದಿಟ್ಟ. ಕವಚ ಕೆಟ್ಟದ್ದಲ್ಲ. ಆದರೆ ಅದನ್ನು ತೊಟ್ಟಿದ್ದರೆ ಅವನ ಗಮನವೆಲ್ಲ ಅದರ ಮೇಲೇ ಇರುತ್ತಿತ್ತು, ಕಾಲು ಹೇಗಿಡಲಿ, ಕತ್ತಿ ಹೇಗೆ ಹಿಡಿಯಲಿ ಅಂತ. ಅಭ್ಯಾಸದ ಹಂತ ಅಂದ್ರೆ ಇದೇ. ತಪ್ಪೇನಿಲ್ಲ, ಎಲ್ಲರೂ ಅಲ್ಲಿಂದಲೇ ಬರಬೇಕು. ಕವಣೆ ಕೈಗೆ ಬಂದಾಗ ಕವಣೆಯ ಯೋಚನೆಯೇ ಇಲ್ಲ. ಗಮನವೆಲ್ಲ ಗೊಲ್ಯಾತನ ಹಣೆಯ ಮೇಲೆ. ಅಷ್ಟು ಪಳಗಿದವನೂ ಹಳ್ಳದಿಂದ 5 ಕಲ್ಲು ಆರಿಸಿಕೊಂಡ. ನನಗಂತೂ ಆ ಉಳಿದ 4 ಕಲ್ಲು ತುಂಬಾ ಇಷ್ಟ.

ಹಾಗಾದ್ರೆ ಕರಗತ ಆಯ್ತು ಅಂದ್ರೆ ಕೆಲಸ ಕೈಗೆ ಇಳಿಯಿತು, ಗಮನಕ್ಕೆ ಬಿಡುವಾಯಿತು. ಆ ಬಿಡುವಾದ ಗಮನ ಎಲ್ಲಿಗೆ ಹೋಗುತ್ತೆ?

ನ್ಯಾಯಸ್ಥಾಪಕರು 20ರಲ್ಲಿ ಬೆನ್ಯಾಮೀನರ ಕಡೆ 700 ಮಂದಿ ಎಡಗೈ ಕವಣೆಗಾರರಿದ್ದಾರೆ. ಕೂದಲೆಳೆಗೆ ಗುರಿಯಿಟ್ಟರೂ ತಪ್ಪದವರು. ದಾವೀದನಿಗೂ ಬೈಬಲ್ ಇಂಥ ಸರ್ಟಿಫಿಕೇಟ್ ಕೊಟ್ಟಿಲ್ಲ! ಅವರು ನಿಂತದ್ದು ಯಾರ ಪರ? ಗಿಬೆಯದಲ್ಲಿ ಒಬ್ಬ ಹೆಣ್ಣುಮಗಳನ್ನು ರಾತ್ರಿಯಿಡೀ ಹಿಂಸಿಸಿ ಸಾಯಿಸಿದವರನ್ನು ಒಪ್ಪಿಸಲ್ಲ ಅಂದವರ ಪರ. ಕೈ ಪೂರ್ತಿ ಪಳಗಿತ್ತು. ಕಲ್ಲು ಯಾರಿಗೋಸ್ಕರ ಬೀಸ್ತಿದ್ದೀವಿ ಅಂತ ಒಬ್ಬನಾದರೂ ಕೇಳಿದನೋ ಇಲ್ಲವೋ.

ಅವರನ್ನು ಬಿಡಿ, ನನ್ನ ಕಥೆ ಹೇಳ್ತೀನಿ. ಕೀಬೋರ್ಡ್ ಕಲಿಯುವಾಗ ಒಂದು ನೋಟ್ ತಪ್ಪಿದ್ರೆ ಬೆವರುತ್ತಿದ್ದೆ. ಆದರೆ ಹಾಡಿನ ಪ್ರತಿ ಸಾಲಿನಲ್ಲೂ ನಾನು ಇರುತ್ತಿದ್ದೆ. ಈಗ ಬೆರಳುಗಳು ತಾವೇ ಓಡುತ್ತವೆ. ಹೋದ ತಿಂಗಳು ಆರಾಧನೆಯ ನಡುವೆ ಏನು ಮಾಡ್ತಿದ್ದೆ ಗೊತ್ತಾ? ಖಾಲಿ ಕುರ್ಚಿ ಎಣಿಸ್ತಿದ್ದೆ. ಒಂದು ನೋಟೂ ತಪ್ಪಲಿಲ್ಲ. ಮುಗಿದ ಮೇಲೆ ಒಬ್ಬ ಆಂಟಿ ಕೈ ಹಿಡಿದು, “ಇವತ್ತು ತುಂಬಾ ಅಭಿಷೇಕ ಇತ್ತು ಪಾಸ್ಟರ್” ಅಂದ್ರು. ತಲೆ ಎತ್ತಿ ಅವರ ಮುಖ ನೋಡಕ್ಕಾಗಲಿಲ್ಲ.

ತಮ್ಮಾ, ಈ ಶನಿವಾರ ಪ್ರಾಕ್ಟೀಸ್‌ಗೆ ನಾನೂ ಬರ್ತೀನಿ, ಗೊತ್ತಿರೋ ಹಾಡುಗಳಿಗೇ. ಹಿಂದಿನ ಸಾಲಲ್ಲಿ ಕೂರೋ ಅಜ್ಜಿಗೆ ನಮ್ಮ ಶ್ರುತಿ ಎಟುಕ್ತಾ ಇಲ್ವಂತೆ, ಮಧ್ಯದಲ್ಲೇ ಹಾಡೋದು ನಿಲ್ಲಿಸ್ತಾರಂತೆ. ಇಷ್ಟು ವರ್ಷ ಅಲ್ಲೇ ಕೂತು ನುಡಿಸ್ತಿದ್ರೂ ನಾನು ನೋಡಿರಲಿಲ್ಲ. ಸ್ವಲ್ಪ ಇಳಿಸಿ ನುಡಿಸೋಣ.