ಕೌದಿಯ ಲೆಕ್ಕ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಿವೃತ್ತಿಯಾದ ಮೇಲೆ ಸೂಜಿ ದಾರ ಹಿಡಿದು ಕೂತರೆ ನೋಡಿದವರಿಗೆ ನಗು ಬರುವುದು ಸಹಜ. ಪುಣೆಯ ನಮ್ಮ ಕನ್ನಡದ ಗೆಳೆಯರು ಸಿಕ್ಕಾಗಲೆಲ್ಲ, "ಏನ್ರೀ ಸಾಹೇಬ್ರ, ಎಷ್ಟು ಗೇಣು ಮುಗೀತು?" ಎಂದು ಕೇಳುತ್ತಾರೆ. ನನ್ನ ಹೆಂಡತಿ ಮದುವೆಯಾದಾಗಿನಿಂದ ಸ್ವೆಟರ್ ಹೆಣೆಯುತ್ತಲೇ ಬಂದಿದ್ದಾಳೆ. ಅವಳನ್ನು ಇದುವರೆಗೆ ಯಾರೂ ಹಾಗೆ ಕೇಳಿಲ್ಲ. ಹೆಂಗಸು ಹೆಣೆದರೆ ಮನೆಗೆಲಸ, ಗಂಡಸು ಹೊಲಿದರೆ ಸುದ್ದಿ. ಇರಲಿ, ಅದು ಬೇರೆಯೇ ಪ್ರಬಂಧಕ್ಕಾಗುವ ವಿಷಯ.

ನಾನು ಹೊಲಿಯುವುದು ಕೌದಿ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸಾಲು ಸಾಲಾಗಿ ಹೊಲಿದ ಹೊದಿಕೆ. ಮಹಾರಾಷ್ಟ್ರದಲ್ಲಿ ಇದೇ ಗೋಧಡಿ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ಅದರ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡದಿದ್ದರೆ ಅವರಿಗೆ ಕೆಲಸ ಮುಗಿದ ಹಾಗಲ್ಲ. ಹಳೆಗಾಲದ ಕನ್ನಡದಲ್ಲಿ ಇದೇ ಬಳಗದ್ದು ಬೊಂತೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲೇ ಅದು ಕೂತಿದೆ. ಸೂಜಿಯನ್ನೇ ಕಾಯಕ ಮಾಡಿಕೊಂಡ ರಾಮಿತಂದೆಯೂ ಆ ಶರಣರ ಸಾಲಿನಲ್ಲಿದ್ದಾನೆ. ಅಂದಮೇಲೆ ನಾನು ನಾಚಿಕೊಳ್ಳುವ ಕಾರಣವಿಲ್ಲ.

ಆದರೆ ಎಂ.ಕಾಂ. ಓದಿದವನ ತಲೆ ಸುಮ್ಮನಿರುವುದಿಲ್ಲ. ಮೊದಲ ಕೌದಿ ಮುಗಿಸಲು ನನಗೆ ಮೂರು ತಿಂಗಳು ಹಿಡಿಯಿತು. ದಿನಕ್ಕೆ ಎರಡು ತಾಸು ಎಂದರೆ 180 ತಾಸು. ಅಂಗಡಿಗೆ ಹೋದರೆ 600 ರೂಪಾಯಿಗೆ ಒಳ್ಳೆಯ ಬ್ಲ್ಯಾಂಕೆಟ್ ಸಿಗುತ್ತದೆ. ಭಾಗಿಸಿ ನೋಡಿದೆ: ನನ್ನ ಒಂದು ತಾಸಿನ ಬೆಲೆ 3 ರೂಪಾಯಿ 33 ಪೈಸೆ. ಇಂಥ ಯೋಜನೆ ಹಿಡಿದುಕೊಂಡು ಯಾರಾದರೂ ಸಾಲ ಕೇಳಲು ಬಂದಿದ್ದರೆ ನಾನೇ ಚಹಾ ಕುಡಿಸಿ ವಾಪಸ್ ಕಳಿಸುತ್ತಿದ್ದೆ. ಹಾಗಾದರೆ ಈ ಕೆಲಸ ವ್ಯರ್ಥವೇ? ಕೈಯಿಂದ ಮಾಡಿದ್ದಕ್ಕೆ ಬೆಲೆ ಇದೆಯೇ, ಇದ್ದರೆ ಅದನ್ನು ಕಟ್ಟುವವರು ಯಾರು? ಈ ಪ್ರಶ್ನೆ ನನಗೆ ಬರೀ ಚರ್ಚೆಯ ವಿಷಯವಲ್ಲ. ಅದರ ಹಿಂದೆ ಒಂದು ಹಳೆಯ ಬಾಕಿ ಇದೆ.

1984ರಲ್ಲಿ ನನಗೆ ಮುಂಬಯಿಯಲ್ಲಿ ನೌಕರಿಯಾಯಿತು. ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಿಂದ ಹೊರಡುವಾಗ ಅವ್ವ ಒಂದು ಕೌದಿ ಕಟ್ಟಿಕೊಟ್ಟಳು. ಮೇಲಿನ ಪದರ ಅವಳದೇ ಇಳಕಲ್ ಸೀರೆ, ಒಳಗೆ ಅಪ್ಪನ ಧೋತರ, ಅಜ್ಜಿಯ ಒಂದು ಸೀರೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಹಾಸಿಕೊಂಡು ಓಣಿಯ ಹೆಣ್ಣುಮಕ್ಕಳೆಲ್ಲ ಸುತ್ತ ಕೂತು ಅದನ್ನು ಹೊಲಿದಿದ್ದರು. ಮುಂಬಯಿಯಲ್ಲಿ ನಾಲ್ಕು ಮಂದಿ ಸೇರಿ ಹಿಡಿದ ಒಂದೇ ಕೋಣೆಯಲ್ಲಿ ಆ ಕೌದಿಯೇ ನನ್ನ ಹಾಸಿಗೆ, ಅದೇ ಹೊದಿಕೆ. ಮಳೆಗಾಲದ ರಾತ್ರಿ ಅದರಲ್ಲಿ ಮುಖ ಮುಚ್ಚಿಕೊಂಡರೆ ಮನೆಯ ವಾಸನೆ ಬರುತ್ತಿತ್ತು.

1997ರಲ್ಲಿ ಪುಣೆಗೆ ವರ್ಗವಾಗಿ ಸ್ವಂತ ಫ್ಲ್ಯಾಟ್ ತೆಗೆದುಕೊಂಡೆವು. ಹೊಸ ಮಂಚ, ಹೊಸ ಗಾದಿ, ಹೊಸ ಚಾದರ. ಸಾಮಾನು ಜೋಡಿಸುವಾಗ ಕೌದಿಗೆ ಜಾಗ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಜಾಗ ಇತ್ತು, ನನಗೆ ಬೇಕಿರಲಿಲ್ಲ. ಹದಿಮೂರು ವರ್ಷ ಹಳೆಯದು. ಸವಕಳಿ ತೆಗೆದರೆ ಪುಸ್ತಕದಲ್ಲಿ ಒಂದು ರೂಪಾಯಿಯೂ ಉಳಿಯದ ಆಸ್ತಿ. ಗೇಟಿನ ಹತ್ತಿರದ ಇಸ್ತ್ರಿಯವನಿಗೆ ಕೊಟ್ಟೆ. ಅವನು ಅದನ್ನು ಮಡಚಿ ಮೇಜಿನ ಮೇಲೆ ಹಾಸಿಕೊಂಡ.

ಆ ದೀಪಾವಳಿಗೆ ಅವ್ವ ಬಂದಳು. ಮರುದಿನವೇ ಗೇಟಿನವರೆಗೆ ಅಡ್ಡಾಡಲು ಹೋದವಳು ಬಂದು ಸುಮ್ಮನೆ ಕೂತಳು. ನನಗೆ ಕೂಡಲೇ ತಿಳಿಯಿತು. ಏನೋ ಸಮಜಾಯಿಷಿ ಹೇಳಲು ಬಾಯಿ ತೆಗೆದೆ. ಅವಳೇ, "ಇರಲಿ ಬಿಡಪಾ, ಯಾರಿಗರೆ ಉಪಯೋಗ ಆತಲ್ಲ" ಅಂದಳು. ರಾತ್ರಿ ಊಟವಾದ ಮೇಲೆ ಮಾತ್ರ ಒಂದು ಪ್ರಶ್ನೆ ಕೇಳಿದಳು: "ಹೊಲಿಗಿ ಬಿಚ್ಚಿತ್ತೇನು?"

ಬಿಚ್ಚಿರಲಿಲ್ಲ. ಒಂದು ಎಳೆಯೂ ಬಿಚ್ಚಿರಲಿಲ್ಲ. ನಾನು "ಹೂಂ" ಅಂದುಬಿಟ್ಟೆ. ಅವಳ ಮನಸ್ಸಿಗೆ ಬೇಜಾರಾಗದಿರಲೆಂದು ಹೇಳಿದ ಸುಳ್ಳು ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಯೋಚಿಸಿದರೆ, ನನ್ನ ತಪ್ಪನ್ನು ಎತ್ತಿ ಅವಳ ಸೂಜಿಯ ಮೇಲೆ ಹಾಕಿದ್ದೆ. 2003ರಲ್ಲಿ ಅವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿ ಆರು ಸೀರೆ ಇದ್ದವು. ತಂದು ಅಟ್ಟದ ಮೇಲಿಟ್ಟೆ.

2018ರಲ್ಲಿ ನಿವೃತ್ತನಾದೆ. ಮುಂದಿನ ವರ್ಷ ನಮ್ಮ ಬಡಾವಣೆಗೆ ಗೋಧಡಿ ಹೊಲಿಯುವ ಹೆಂಗಸೊಬ್ಬಳು ಬಂದಳು. ಸೀರೆ ಕೊಟ್ಟರೆ ಹೊಲಿದುಕೊಡುತ್ತೇನೆ, 800 ರೂಪಾಯಿ ಅಂದಳು. ನಾನು ಅಭ್ಯಾಸಬಲದಿಂದ ಚೌಕಾಸಿ ಮಾಡಿ 500ಕ್ಕೆ ಇಳಿಸಿದೆ. ಆಕೆ ನಾಲ್ಕು ದಿನ ಪಾರ್ಕಿಂಗಿನ ನೆರಳಲ್ಲಿ ಬೆನ್ನು ಬಗ್ಗಿಸಿ ಕೂತು ಹೆಂಡತಿಯ ಹಳೆಯ ಸೀರೆಗಳನ್ನು ಹೊಲಿದಳು. ಅವ್ವನ ಸೀರೆಗಳನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ, ಮನೆಯಲ್ಲೇ ಕೂತಿದ್ದಾಗ, ಆಕೆ ಹೊಲಿದದ್ದನ್ನು ಮುಂದೆ ಹರಡಿಕೊಂಡು, ಹೆಂಡತಿಯ ಮಾರ್ಗದರ್ಶನದಲ್ಲಿ, ನಾನೇ ಶುರು ಮಾಡಿದೆ.

ಕೆಲಸ ಕಲಿಯುವಾಗ ಗೊತ್ತಾದ ಸಂಗತಿಗಳಿವೆ. ದಾರ ಬಿಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಸಡಿಲ ಬಿಟ್ಟರೆ, ಹೊಲಿಗೆ ಉದ್ದವಾದರೆ, ಮಲಗಿದವರ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಕಲ್ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಸೆರಗಿಗೂ ಸೂಜಿ ಒಂದೇ ಥರ ಹೋಗುವುದಿಲ್ಲ. ನಾಲ್ಕೈದು ಪದರ ದಾಟುವಾಗ ಬೆರಳ ತುದಿ ಉರಿಯುತ್ತದೆ. ಆದರೂ ಆ ಎರಡು ತಾಸು ಹೇಗೆ ಕಳೆಯುತ್ತವೆಂದು ತಿಳಿಯುವುದಿಲ್ಲ. ಪಕ್ಕದಲ್ಲಿ ಹೆಂಡತಿಯ ಕಡ್ಡಿಗಳ ಟಕಟಕ, ನನ್ನ ದಾರದ ಸರಸರ. ಬೇಸರವಿಲ್ಲ, ಅವಸರವಿಲ್ಲ. ಇದಕ್ಕೆ ಸುಖ ಎಂದು ಹೆಸರಿಡಲು ನನಗೆ ಸಂಕೋಚವಿಲ್ಲ.

ಇದನ್ನೆಲ್ಲ ಒಮ್ಮೆ ಗೆಳೆಯರ ಮುಂದೆ ಹೇಳಿದಾಗ ಒಬ್ಬರು ಚುಚ್ಚಿದರು: "ನಿಮಗೆ ಪೆನ್ಶನ್ ಬರತದ, ಅದಕ್ಕ ಸುಖ ಅಂತೀರಿ. ಹೊಟ್ಟೆಗಾಗಿ ಹೊಲಿಯೋರನ್ನ ಕೇಳ್ರಿ, ಕಣ್ಣು ಹೋಗತಾವ ಅಂತಾರ. ನಿಮ್ಮ ಅವ್ವರೂ ಖುಷಿಗೆ ಹೊಲದದ್ದಲ್ಲ, ಹೊದಿಯಾಕ ಬ್ಯಾರೆ ಇರಲಿಲ್ಲ ಅಂತ ಹೊಲದದ್ದು." ನನಗೆ ಉತ್ತರ ಬರಲಿಲ್ಲ. ಅವರ ಮಾತು ಸತ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆ ಇದ್ದವರಿಗೆ. ಹಾಸಿಗೆಯನ್ನೇ ಚಿಂದಿಯಿಂದ ಮಾಡಿಕೊಳ್ಳಬೇಕಾದವರ ಪಾಡು ಬೇರೆ. ಬಡತನದ ಕೆಲಸವನ್ನು ಬಿಡುವಿನ ಹವ್ಯಾಸ ಮಾಡಿಕೊಂಡು ಅದನ್ನು ಹೊಗಳುವುದರಲ್ಲಿ ಒಂದು ಮೋಸವಿದೆ.

ತೊಡಕು ಇಲ್ಲಿದೆ. ನನ್ನ 180 ತಾಸಿಗೆ ಲೆಕ್ಕ ಬೇಡ ಎನ್ನುತ್ತೇನೆ. ಹಾಗಾದರೆ ಗೋಧಡಿಯವಳ ನಾಲ್ಕು ದಿನಕ್ಕೂ ಲೆಕ್ಕ ಬೇಡವೇ? ಕೈಕೆಲಸ ಪ್ರೀತಿಯದು, ಅದಕ್ಕೆ ಬೆಲೆ ಕಟ್ಟಲಾಗದು ಎಂದು ಹೊಗಳಿ 300 ರೂಪಾಯಿ ಕಡಿಮೆ ಕೊಡುವವರನ್ನು ನಾನು ನೋಡಿದ್ದೇನೆ. ನಾನೇ ಅವರಲ್ಲಿ ಒಬ್ಬ.

ಉತ್ತರ ಕೊನೆಗೆ ನನಗೆ ಗೊತ್ತಿದ್ದ ಕಸುಬಿನಲ್ಲೇ ಸಿಕ್ಕಿತು. ಬ್ಯಾಂಕಿನಲ್ಲಿ ಸಾಲ ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನದು. ತೆಗೆದುಕೊಂಡವನು ತಾನೇ "ಮನ್ನಾ ಆಯಿತು" ಎಂದು ಬರೆದುಕೊಂಡರೆ ಅದು ಮನ್ನಾ ಅಲ್ಲ, ಬಾಕಿ. ಕೈಕೆಲಸದ ಲೆಕ್ಕವೂ ಹೀಗೆಯೇ. ನನ್ನ ತಾಸುಗಳಿಗೆ ಬೆಲೆ ಬೇಡ ಎನ್ನುವ ಹಕ್ಕು ನನಗಿದೆ, ಏಕೆಂದರೆ ಕೊಡುವವನು ನಾನು. ಗೋಧಡಿಯವಳ ತಾಸುಗಳಿಗೆ ಬೆಲೆ ಬೇಡ ಎನ್ನುವ ಹಕ್ಕು ನನಗಿಲ್ಲ, ಏಕೆಂದರೆ ಅಲ್ಲಿ ತೆಗೆದುಕೊಳ್ಳುವವನು ನಾನು. ಅವ್ವ "ಇರಲಿ ಬಿಡಪಾ" ಅಂದಾಗ ಮನ್ನಾ ಮಾಡಿದ್ದಳು. ಆದರೆ ಅದಕ್ಕೂ ಮೊದಲೇ ನಾನು ಒಬ್ಬನೇ ಕೂತು ಖಾತೆ ಮುಚ್ಚಿಬಿಟ್ಟಿದ್ದೆ. ನನ್ನ ತಪ್ಪು ಕೌದಿಯನ್ನು ಕೊಟ್ಟದ್ದರಲ್ಲಿ ಇರಲಿಲ್ಲ. ಇಸ್ತ್ರಿಯವನಿಗೆ ಅದು ಒಳ್ಳೆಯ ಕೆಲಸಕ್ಕೇ ಬಂತು. ಅವಳನ್ನು ಒಂದು ಮಾತು ಕೇಳದೆ, ಅವಳ ಕೈಯ ಬೆಲೆಯನ್ನು ನಾನೇ ಸೊನ್ನೆ ಎಂದು ಬರೆದದ್ದರಲ್ಲಿ ಇತ್ತು.

ಊರು ಬಿಟ್ಟು ಬಂದ ನಮ್ಮಂಥವರೆಲ್ಲ ಇಂಥ ಸಾಲ ಹೊತ್ತೇ ಬಂದವರು. ಯಾರದೋ ಹಪ್ಪಳ, ಯಾರದೋ ಚಟ್ನಿಪುಡಿ, ಯಾರೋ ಹೆಣೆದ ಕುಲಾವಿ. ತೀರಿಸಲು ಆಗುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಬಾಕಿ ಇದೆ ಎಂದು ಒಪ್ಪಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದ ಕೆಲಸ.

ಗೋಧಡಿಯವಳು ಲಾಕ್‌ಡೌನಿನ ನಂತರ ನಮ್ಮ ಕಡೆ ಬಂದಿಲ್ಲ. ಆ 300 ರೂಪಾಯಿ ನನ್ನ ಹತ್ತಿರವೇ ಇದೆ. ಈಗ ಯಾರೇ ಕೈಯಲ್ಲಿ ಮಾಡಿದ್ದನ್ನು ಮಾರಲು ಬಂದರೂ ಚೌಕಾಸಿ ಮಾಡುವುದಿಲ್ಲ. ಅದರಿಂದ ಹಳೆಯದು ತೀರಿತೆಂದು ನಾನು ತಿಳಿದಿಲ್ಲ.

ಅವ್ವನ ಸೀರೆಗಳ ಕೌದಿಯನ್ನು ಹೈದರಾಬಾದಿನಲ್ಲಿರುವ ಮಗಳಿಗೆ ಕೊಟ್ಟಿದ್ದೇನೆ. ಹೋದ ತಿಂಗಳು ವಿಡಿಯೊ ಕರೆ ಮಾಡಿದಾಗ ಮೊಮ್ಮಗಳು ಅದನ್ನು ಎರಡು ಕುರ್ಚಿಗಳ ಮೇಲೆ ಎಳೆದು ಮನೆ ಕಟ್ಟಿ ಒಳಗೆ ಕೂತಿದ್ದಳು. ಒಂದು ಮೂಲೆ ನೆಲದ ಮೇಲೆ ಎಳೆದಾಡಿ ಮಣ್ಣಾಗಿತ್ತು. ಮಗಳು ಗಾಬರಿಯಾಗಿ, "ಅಪ್ಪಾಜಿ, ತೆಗೆದಿಡ್ತೀನಿ" ಅಂದಳು. ಬೇಡ, ಇರಲಿ ಬಿಡವ್ವಾ ಅಂದೆ. ಹೊಲಿಗೆಯ ಬಗ್ಗೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.