ಉಪವಾಸದ ತಲೆನೋವು ತಪಸ್ಸೇ?

ಅಷ್ಟಮಿ, ಚತುರ್ದಶಿಗಳಂದು ಉಪವಾಸ ಕೈಗೊಳ್ಳುವ ಅನೇಕ ಶ್ರಾವಕ-ಶ್ರಾವಿಕೆಯರಿಗೆ ಮಧ್ಯಾಹ್ನ ಕಳೆಯುವುದರೊಳಗೆ ತಲೆನೋವು ಆರಂಭವಾಗುತ್ತದೆ. ಕೆಲವರು ಅದನ್ನು ಕಾಯಕ್ಲೇಶವೆಂದು ಹೆಮ್ಮೆಯಿಂದ ಸಹಿಸುತ್ತಾರೆ; ಕೆಲವರು ಅದಕ್ಕೆ ಅಂಜಿ ವ್ರತವನ್ನೇ ಬಿಡುತ್ತಾರೆ. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದುದೊಂದಿದೆ: ಆ ನೋವು ಬಂದದ್ದು ಉಪವಾಸದಿಂದಲೋ, ಉಳಿದ ದಿನಗಳ ನಮ್ಮ ಆಹಾರಕ್ರಮದಿಂದಲೋ?

ನಿತ್ಯವೂ ಮೂರು-ನಾಲ್ಕು ಸಲ ಕಾಫಿ ಸೇವಿಸುವವರು ಅದನ್ನು ಒಮ್ಮೆಗೇ ನಿಲ್ಲಿಸಿದರೆ, ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ತಲೆ ನೋಯತೊಡಗುತ್ತದೆ. ಕಾಫಿಯಲ್ಲಿನ ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸಂಕುಚಿತಗೊಳಿಸಿರುತ್ತದೆ. ಅದು ತಪ್ಪಿದಾಗ ಅವು ಹಿಗ್ಗುತ್ತವೆ. ನೋವು ಒಂದೆರಡು ದಿನಗಳಲ್ಲಿ ಉಲ್ಬಣಿಸಿ, ಕೆಲವರಲ್ಲಿ ವಾರದವರೆಗೂ ಉಳಿಯುತ್ತದೆ. ಚಹಕ್ಕೂ ಇದೇ ಮಾತು. ಪಾರಣೆಯ ದಿನ ಒಂದು ಲೋಟ ಕಾಫಿ ಕುಡಿದ ಸ್ವಲ್ಪ ಹೊತ್ತಿನಲ್ಲೇ ತಲೆ ಹಗುರವಾಗುವುದಾದರೆ, ಅದನ್ನು ತಪಸ್ಸಿನ ತಾಪವೆನ್ನುವುದು ಹೇಗೆ? ಅದು ಚಟದ ಸಾಲವಸೂಲಿ. ಪರ್ವಕ್ಕೆ ಒಂದೆರಡು ವಾರ ಮೊದಲೇ ಕಾಫಿಯನ್ನು ಕ್ರಮವಾಗಿ ಕಡಿಮೆ ಮಾಡುತ್ತ ಬಂದವರಿಗೆ ಈ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ.

ಪ್ರೋಷಧೋಪವಾಸದಲ್ಲಿ ಹಿಂದಿನ ದಿನ ಮತ್ತು ಮರುದಿನ ಏಕಭುಕ್ತವನ್ನು ವಿಧಿಸಿದೆ. ತಲೆನೋವನ್ನು ಎಣಿಸಿಯೇ ಹೀಗೆ ವಿಧಿಸಿದರೆಂದರೆ ಅತಿಯಾದೀತು. ಆದರೂ ದೇಹವನ್ನು ಮೆಲ್ಲನೆ ಇಳಿಸಿ ಮೆಲ್ಲನೆ ಏರಿಸುವ ಕ್ರಮ ಅದರಲ್ಲಿ ಇದ್ದೇ ಇದೆ. ನಾವೋ, 'ನಾಳೆ ಉಪವಾಸ' ಎಂದು ಹೋಳಿಗೆ, ಹಪ್ಪಳಗಳಿಂದ ಹೊಟ್ಟೆ ಬಿರಿಯೆ ಉಂಡು, ಸೂರ್ಯಾಸ್ತಕ್ಕೆ ಮುನ್ನ ಮತ್ತೊಂದು ಸುತ್ತು ಕೂರುತ್ತೇವೆ!

ಇನ್ನು ಹಸಿವಿನಿಂದಲೇ ಬರುವ ತಲೆನೋವೂ ಉಂಟು. ಎಂಟು ಗಂಟೆಗಳಿಗೂ ಹೆಚ್ಚು ಕಾಲ ನಿರಾಹಾರರಾಗಿದ್ದಾಗ ಹಣೆಯಲ್ಲಿ ಮಂದವಾಗಿ ಕಾಣಿಸಿಕೊಳ್ಳುವ ಇದು, ಆಹಾರ ಸೇವಿಸಿದ ಮೇಲೆ ಶಮನವಾಗುತ್ತದೆ. ಮೊದಲೇ ಅರೆತಲೆನೋವಿರುವವರಿಗಾದರೋ ಒಂದು ಹೊತ್ತಿನ ಊಟ ತಪ್ಪಿದರೂ ವಾಂತಿ, ಬೆಳಕು ಕಂಡರಾಗದ ಸ್ಥಿತಿ ಬರಬಹುದು. ಅಂಥವರು ಏನು ಮಾಡಬೇಕು? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಬರಿದೆ ತಪಸ್ಸೆನ್ನದೆ 'ಶಕ್ತಿತಸ್ತಪ'ವೆಂದಿದ್ದಾರೆ. ಆರು ಬಾಹ್ಯ ತಪಗಳಲ್ಲಿ ಅನಶನದ ಮರುಸ್ಥಾನವೇ ಅವಮೌದರ್ಯದ್ದು. ಹಸಿವಿಗಿಂತ ನಾಲ್ಕು ತುತ್ತು ಕಡಿಮೆ ಉಂಡು ಏಳುವುದು ಸುಲಭವೆಂದು ತಿಳಿದವರು ಒಂದು ತಿಂಗಳು ಮಾಡಿ ನೋಡಲಿ. ನೋವಿನ ಭರದಲ್ಲಿ ದಿನವಿಡೀ ಮನೆಮಂದಿಯ ಮೇಲೆ ಸಿಡುಕುತ್ತಿದ್ದರೆ ಹೊಟ್ಟೆ ಬರಿದಾಗಿ ಕಷಾಯ ತುಂಬಿತಷ್ಟೆ. ಅಂಥ ನಿರಾಹಾರವನ್ನು ನಮ್ಮ ಹಿರಿಯರು ಲಂಘನವೆಂದೇ ಬೇರೆಯಾಗಿ ಗಣಿಸಿದ್ದಾರೆ.

ನಮ್ಮ ಮನೆಗಳಲ್ಲಿ ಈ ವಿವೇಕ ಹೆಚ್ಚಾಗಿ ಬೇಕಾಗಿರುವುದು ಸ್ತ್ರೀಯರ ವಿಷಯದಲ್ಲಿ. ದಶಲಕ್ಷಣ ಪರ್ವದಲ್ಲಿ ತಾವು ನಿರಾಹಾರರಾಗಿದ್ದು, ಉಪವಾಸವಿಲ್ಲದವರಿಗಾಗಿ ಒಲೆಯ ಮುಂದೆ ನಿಂತು ಅಡುಗೆ ಮಾಡುವ ತಾಯಂದಿರ ತಲೆನೋವನ್ನು ಯಾರೂ ಕೇಳುವುದಿಲ್ಲ. 'ವ್ರತವೆಂದರೆ ಹಾಗೆಯೇ' ಎಂದುಬಿಡುತ್ತೇವೆ. ಆ ಹತ್ತು ದಿನ ಅಡುಗೆಯ ಹೊರೆಯನ್ನು ಗಂಡಸರು ಹೊರಲಿ. ಸೊಸೆ ಹತ್ತು ಉಪವಾಸಗಳ ಸಂಕಲ್ಪ ಮಾಡುವೆನೆಂದರೆ, ಅವಳನ್ನು ಹೊಗಳುವ ಮೊದಲು ಅವಳಿಗೆ ಅರೆತಲೆನೋವು ಉಂಟೇ ಎಂದು ಅತ್ತೆಯವರು ಕೇಳಲಿ. ಉಂಟೆಂದರೆ, ವೈದ್ಯರನ್ನು ಕಂಡು ಬಂದ ಮೇಲೆಯೇ ಗುರುಗಳ ಬಳಿ ಕರೆದೊಯ್ಯಲಿ.