ಧರ್ಮಸಂಸ್ಥೆಯ ಕೂಲಿಯವನ ಹಕ್ಕು

ನಮ್ಮ ಗ್ರಾಮಸಭೆಗಳಿಂದ ಮಲ್ಲೇಶ್ವರ ಮೊದಲಾದ ಬೆಂಗಳೂರಿನ ಪೇಟೆಗಳಿಗೆ ದುಡಿಯಹೋದ ಮಕ್ಕಳಲ್ಲಿ ಕೆಲವರು ಅಂಗಡಿಗಳಲ್ಲಿಯೂ ಕೆಲವರು ಆಸ್ಪತ್ರೆಗಳಲ್ಲಿಯೂ ಸಂಬಳಕ್ಕೆ ನಿಂತಿದ್ದಾರಷ್ಟೆ. ಸಂಬಳವನ್ನು ತಡೆದರೆ, ಇಲ್ಲವೆ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದರೆ, ವಿಶ್ವಾಸಿಯಾದವನು ಧಣಿಯ ಮೇಲೆ ವ್ಯಾಜ್ಯ ಹೂಡಬಹುದೋ? ಧಣಿಯು ಕ್ರೈಸ್ತ ಸಂಸ್ಥೆಯೇ ಆಗಿದ್ದರೆ ಹೇಗೆ? ಸಹಿಸಿಕೋ ಎಂಬದೇ ಹಿರಿಯರ ವಾಡಿಕೆಯ ಉತ್ತರ. ಅದು ಸಾಲದೆಂದು ನಮಗೆ ತೋರುತ್ತದೆ.

ಸಹೋದರರು ಅವಿಶ್ವಾಸಿಗಳ ಮುಂದೆ ವ್ಯಾಜ್ಯವಾಡುವದನ್ನು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಖಂಡಿಸಿದ್ದು ನಿಜವೇ. ಆದರೆ ಸಭೆಯೊಳಗೆ ನ್ಯಾಯ ತೀರಿಸುವವರು ಇಲ್ಲದ್ದಕ್ಕಾಗಿ ಅಲ್ಲಿಯೇ ಅವರನ್ನು ನಾಚಿಸುತ್ತಾನೆ. ನ್ಯಾಯ ತೀರಿಸದ ಸಭೆಯು ಆ ಅಧ್ಯಾಯದ ಅರ್ಧವನ್ನು ಮಾತ್ರ ಕೂಲಿಯವನಿಗೆ ಓದಿಹೇಳುವದು ಸರಿಯಲ್ಲ. ಇದಲ್ಲದೆ ಪೌಲನು ತಾನೇ, ವಿಚಾರಣೆಯಿಲ್ಲದೆ ಹೊಡೆಸಿದ ಫಿಲಿಪ್ಪಿಯ ಅಧಿಕಾರಿಗಳು ಖುದ್ದಾಗಿ ಬಂದು ತನ್ನನ್ನು ಬಿಡಿಸಬೇಕೆಂದು ಹಟ ಹಿಡಿದನು; ಕೈಸರೈಯದಲ್ಲಿ ಕೈಸರನಿಗೆ ಅಪೀಲು ಮಾಡಿದನು. ಕಾಯಿದೆಯ ಹಕ್ಕನ್ನು ಕೇಳುವದು ಪಾಪವೆಂದು ಅವನು ನೆನಸಲಿಲ್ಲ.

ನಮ್ಮ ನಾಡಿನ ಒಂದು ವ್ಯಾಜ್ಯವನ್ನು ನೋಡಿರಿ. ಮಲ್ಲೇಶ್ವರದ ನಲ್ಲಿಗಳಿಗೂ ನೀರು ಹರಿಸುವ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯು ತನ್ನ ಕೆಲವು ನೌಕರರಿಗೆ ದುರ್ನಡತೆಗಾಗಿ ದಂಡ ಹಾಕಿ ಹಣ ವಸೂಲು ಮಾಡಿತು. ತಕ್ಕ ವಿಚಾರಣೆ ನಡೆಯಲಿಲ್ಲವೆಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತನ್ನದು ಉದ್ಯಮವಲ್ಲವಾದದರಿಂದ 1947ರ ಔದ್ಯೋಗಿಕ ವಿವಾದಗಳ ಕಾಯಿದೆ ತನಗೆ ಸಲ್ಲದೆಂದು ಮಂಡಲಿಯು ವಾದಿಸಿತು. 1978ನೆಯ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ವಾದವನ್ನು ತಳ್ಳಿಬಿಟ್ಟಿತು. ಮುಖ್ಯ ತೀರ್ಪನ್ನು ಬರೆದ ವಿ. ಆರ್. ಕೃಷ್ಣ ಅಯ್ಯರವರ ಅಭಿಪ್ರಾಯವೇನಂದರೆ, ಲಾಭದ ಉದ್ದೇಶವಿಲ್ಲದಿದ್ದರೂ, ಧಣಿಯೂ ಕೆಲಸಗಾರರೂ ಕೂಡಿ ಕ್ರಮವಾಗಿ ಜನರಿಗೆ ಬೇಕಾದ ಸರಕನ್ನೋ ಸೇವೆಯನ್ನೋ ಒದಗಿಸುವಲ್ಲಿ ಉದ್ಯಮ ಉಂಟು. ಆಸ್ಪತ್ರೆ, ಶಾಲೆ, ಧರ್ಮಸಂಸ್ಥೆಗಳೂ ಇದರೊಳಗೆ ಬರಬಹುದು. ಭಕ್ತಿಯಿಂದ ತಾವಾಗಿ ದುಡಿಯುವವರ ಆಶ್ರಮಗಳನ್ನು ಅವರು ಬೇರೆಯಾಗಿಟ್ಟರು.

ಈ ಭೇದವು ನಮಗೆ ಬಹು ಯುಕ್ತವಾಗಿ ಕಾಣುತ್ತದೆ. ತನ್ನನ್ನು ತಾನೇ ಅರ್ಪಿಸಿಕೊಂಡವನದು ತ್ಯಾಗ. ವಾರ್ಡು ಗುಡಿಸುವ ವಿಧವೆಯ ಸಂಬಳವನ್ನು ಹಿಡಿದಿಟ್ಟುಕೊಂಡು ಅದಕ್ಕೆ ಆಕೆಯ ತ್ಯಾಗವೆಂದು ಹೆಸರಿಡುವ ಧಣಿಯ ಕೃತ್ಯಕ್ಕೆ ಬೇರೆ ಹೆಸರುಂಟು.

ಆದರೆ ಈಗ ಕಾಯಿದೆ ಬದಲಾಗಿದೆ. 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು 2025ನೆಯ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಹಿಡಿಯಿತು. ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಧರ್ಮಾರ್ಥ, ಸಮಾಜ, ಪರೋಪಕಾರ ಸೇವೆಗಳಲ್ಲಿರುವ ಸಂಘಗಳು ನಡಿಸುವ ಸಂಸ್ಥೆಗಳನ್ನು ಅದು ಉದ್ಯಮವೆಂದು ಎಣಿಸುವದಿಲ್ಲ. ಕಾರ್ಖಾನೆಯ ಕೆಲಸದವನಿಗೆ ಸಂಧಾನಾಧಿಕಾರಿಯ ಬಾಗಲು ತೆರೆದಿದ್ದರೂ ಮಿಶನ್ ಆಸ್ಪತ್ರೆಯ ಆಯಾಳಿಗೆ ಅದು ಮುಚ್ಚಿರಬಹುದು.

ಇದನ್ನು ಕೇಳಿ ನೆಮ್ಮದಿಯ ಉಸಿರು ಬಿಡುವ ಮೇನೇಜರರೂ ಇದ್ದಾರು! ಅವರು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ತೆರೆದು, ತಡೆಹಿಡಿದ ಕೂಲಿಯ ಮೊರೆಯು ಯಾರ ಕಿವಿಗೆ ಮುಟ್ಟುತ್ತದೆಂದು ನೋಡಲಿ. ಕೆಲಸದಿಂದ ತೆಗೆದವನ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬದು 2019ರ ವೇತನ ಸಂಹಿತೆಯ ನಿಯಮ; ಮೋಶೆಯ ಧರ್ಮಶಾಸ್ತ್ರವಾದರೋ ಸೂರ್ಯಾಸ್ತಮಾನದವರೆಗೂ ತಡೆಯಗೊಡುವದಿಲ್ಲ.

ಕೋರ್ಟು ಕೇಳಲಾರದಲ್ಲಿ ಸಭೆಯ ಹಿರಿಯರೇ ಕೇಳಬೇಕಾಗುವದು: ಆರೋಪವನ್ನು ಬರಹದಲ್ಲಿ ಕೊಟ್ಟರೋ? ಆಕೆಯ ಮಾತನ್ನು ಕೇಳಿದರೋ? ಆರೋಪಿಸಿದವನೇ ತೀರ್ಪನ್ನೂ ಕೊಟ್ಟನೋ? ಇಷ್ಟನ್ನು ವಿಚಾರಿಸಲಿಕ್ಕೆ ವಕೀಲಿ ಓದು ಬೇಡ. ಕೆಲಸಕ್ಕೆ ಹೋದ ಮಕ್ಕಳಾದರೋ ನೇಮಕದ ಕಾಗದವನ್ನೂ ಸಂಬಳದ ಚೀಟಿಗಳನ್ನೂ ಜೋಪಾನವಾಗಿಟ್ಟುಕೊಳ್ಳಲಿ. ರಾಜೀನಾಮೆ ಬರೆದುಕೊಡೆಂದು ಅವಸರಪಡಿಸಿದರೆ, ಮನೆಯವರಿಗೆ ತೋರಿಸದೆ ರುಜು ಹಾಕದಿರಲಿ.